ಬಿಸಾಡಿದ ಗಿಡಕ್ಕೆ ನೀರು ಹಾಕುವ ಮುನ್ನ ಅದು ಯಾವ ಗಿಡ ಅಂತ ನೋಡಿ

ಮಾನ್ಯ ಸಂಪಾದಕರೇ,

ಮನೆಯೊಳಗೆ ಬೆಳೆಸುವ ಗಿಡಗಳ ಬಗ್ಗೆ ಪತ್ರಿಕೆಗಳಲ್ಲಿ ಏನೇ ಬಂದರೂ ನಾನು ಬಿಡದೆ ಓದುತ್ತೇನೆ. ಬಹಳಷ್ಟು ಬರಹಗಳಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ವಾರಕ್ಕೆ ಎರಡು ಸಲ ನೀರು ಹಾಕಿ. ಯಾವ ಗಿಡ, ಎಷ್ಟು ದೊಡ್ಡ ಕುಂಡ, ಎಂಥ ಮಣ್ಣು, ಎಷ್ಟು ಬೆಳಕು, ಯಾವುದನ್ನೂ ಹೇಳಿರುವುದಿಲ್ಲ. ಗಟ್ಟಿಮುಟ್ಟಾದ ಗಿಡ ಈ ಸಲಹೆಯನ್ನು ಹೇಗೋ ತಾಳಿಕೊಳ್ಳುತ್ತದೆ. ಆದರೆ ಯಾರೋ ಬಿಸಾಡಿದ ಗಿಡವನ್ನು ಅಯ್ಯೋ ಪಾಪ ಅಂತ ಎತ್ತಿಕೊಂಡು ಬಂದಿರುತ್ತಾರಲ್ಲ, ಅವರ ಕೈಯಲ್ಲಿ ಇದೇ ಸಲಹೆ ಆ ಗಿಡದ ಉಳಿದ ಜೀವವನ್ನೂ ತೆಗೆಯುತ್ತದೆ. ಅಂಥ ಗಿಡಗಳ ಬಗ್ಗೆ ಒಂದಿಷ್ಟು ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಬಿಸಾಡಿದ ಗಿಡ ಸಾಮಾನ್ಯವಾಗಿ ಬಾಡಿರುತ್ತದೆ. ಬಾಡಿದ್ದು ಕಂಡ ಕೂಡಲೇ ನಮ್ಮ ಕೈ ನೀರಿನ ಕಡೆ ಹೋಗುತ್ತದೆ. ತೊಂದರೆ ಏನು ಅಂದರೆ, ನೀರಿಲ್ಲದೆ ಬಾಡಿದ ಗಿಡ, ನೀರು ಜಾಸ್ತಿಯಾಗಿ ಬಾಡಿದ ಗಿಡ ಎರಡೂ ಮೇಲಿಂದ ನೋಡಿದರೆ ಹೆಚ್ಚು ಕಡಿಮೆ ಒಂದೇ ಥರ ಕಾಣುತ್ತವೆ. ಬೇರಿಗೆ ನೀರು ಬೇಕಾದಷ್ಟೇ ಗಾಳಿಯೂ ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಸದಾ ನೀರೇ ತುಂಬಿಕೊಂಡಿದ್ದರೆ ಬೇರಿಗೆ ಆಮ್ಲಜನಕ ಸಿಗುವುದಿಲ್ಲ, ಅದು ಸಾಯತೊಡಗುತ್ತದೆ, ಆಮೇಲೆ ಪೈಥಿಯಂ, ಫೈಟಾಫ್ತೊರಾದಂಥ ಸೂಕ್ಷ್ಮಜೀವಿಗಳು ಬಂದು ಉಳಿದದ್ದನ್ನೂ ಕೊಳೆಸುತ್ತವೆ. ಕೊಳೆತ ಬೇರು ನೀರು ಹೀರುವುದಿಲ್ಲ. ಕುಂಡದ ತುಂಬ ನೀರಿದ್ದರೂ ಎಲೆ ಒಣಗುತ್ತದೆ. ಅದನ್ನು ನೋಡಿ ನಾವು ಇನ್ನಷ್ಟು ನೀರು ಸುರಿಯುತ್ತೇವೆ.

ಅದಕ್ಕೇ ಮೊದಲ ಕೆಲಸ ನೀರಲ್ಲ. ಬೆರಳನ್ನು ಎರಡು ಗೆಣ್ಣಿನಷ್ಟು ಆಳಕ್ಕೆ ಮಣ್ಣಿನೊಳಗೆ ಇಳಿಸಿ ನೋಡಿ. ಕುಂಡವನ್ನು ಎತ್ತಿ ಭಾರ ನೋಡಿ. ಬುಡದ ಹತ್ತಿರ ಮೂಗು ತಂದು ವಾಸನೆ ನೋಡಿ. ಕೊಳೆಯುತ್ತಿರುವ ಬೇರಿನ ವಾಸನೆ ಬೇರೇನೇ, ಅದು ಒದ್ದೆ ಮಣ್ಣಿನ ವಾಸನೆ ಅಲ್ಲ. ಇಷ್ಟಕ್ಕೆ ಒಂದು ನಿಮಿಷವೂ ಬೇಡ, ಆದರೆ ಮುಂದಿನ ಎಲ್ಲವೂ ಇದರ ಮೇಲೆ ನಿಂತಿದೆ.

ಎರಡನೇ ಕೆಲಸ ಗುರುತು ಹಿಡಿಯುವುದು. ಮನೆ ಖಾಲಿ ಮಾಡಿದವರು ಬಿಟ್ಟು ಹೋದದ್ದು, ಆಫೀಸಿನ ಮೂಲೆಯಲ್ಲಿ ಯಾರೂ ಕೇಳದೆ ಬಿದ್ದದ್ದು, ಯಾರಿಗೋ ಉಡುಗೊರೆ ಬಂದು ಅವರಿಗೆ ಬೇಡವಾದದ್ದು, ಇಂಥ ಗಿಡಗಳಿಗೆ ಹೆಸರಿನ ಚೀಟಿ ಇರುವುದಿಲ್ಲ. ಹೆಚ್ಚಿನವರು ಎಲೆಯ ಬಣ್ಣ ನೋಡಿ ಗುರುತು ಹಿಡಿಯಲು ಹೋಗುತ್ತಾರೆ. ಸೊರಗಿದ ಗಿಡದಲ್ಲಿ ಬಣ್ಣವನ್ನು ನಂಬಲೇಬಾರದು. ಬೆಳಕು ಸಾಲದೇ ಹೋದರೆ ಬಿಳಿ, ಹಳದಿ ಪಟ್ಟೆಗಳಿದ್ದ ಎಲೆ ಪೂರ್ತಿ ಹಸಿರಾಗಬಹುದು, ಹಸಿರು ಎಲೆ ಹಸಿವಿನಿಂದ ಹಳದಿಯಾಗಬಹುದು. ಎಲೆಯ ಗಾತ್ರವೂ ಮೋಸ ಮಾಡುತ್ತದೆ. ಬದಲಾಗದೆ ಉಳಿಯುವುದು ಗಿಡದ ಕಟ್ಟು. ಎಲೆಗಳು ಒಂದಾದ ಮೇಲೆ ಒಂದು ಬಂದಿವೆಯೋ, ಎದುರುಬದುರು ಜೋಡಿಯಾಗಿವೆಯೋ, ಎಲ್ಲವೂ ಬುಡದಿಂದಲೇ ಎದ್ದಿವೆಯೋ? ಎಲೆಗೆ ತೊಟ್ಟು ಇದೆಯೋ ಇಲ್ಲವೋ? ಕಾಂಡದ ಗೆಣ್ಣು ಹೇಗಿದೆ, ಗೆಣ್ಣಿನಲ್ಲಿ ಗಾಳಿಬೇರು ಇದೆಯೋ? ಎಲೆ ಕಿತ್ತ ಜಾಗದಲ್ಲಿ ಹಾಲು ಬರುತ್ತದೋ, ನೀರಿನಂಥ ರಸವೋ? ಉದುರಿದ ಎಲೆ ಕಾಂಡದ ಮೇಲೆ ಎಂಥ ಕಲೆ ಬಿಟ್ಟಿದೆ? ಗಿಡದಲ್ಲಿ ಎಲೆ ಒಂದೇ ಉಳಿದಿದ್ದರೂ ಇವುಗಳಲ್ಲಿ ಅರ್ಧಕ್ಕೆ ಉತ್ತರ ಸಿಗುತ್ತದೆ.

ಎಲ್ಲರ ಮನೆಯಲ್ಲೂ ಇರುವ ಮನಿ ಪ್ಲಾಂಟನ್ನೇ ತಗೊಳ್ಳಿ. ಇದನ್ನೂ ಹೃದಯದ ಆಕಾರದ ಎಲೆಯ ಫಿಲೊಡೆಂಡ್ರಾನನ್ನೂ ಜನ ಸದಾ ಅದಲು ಬದಲು ಮಾಡುತ್ತಾರೆ. ಹೊಸ ಎಲೆ ಎಲ್ಲಿಂದ ಬರುತ್ತಿದೆ ನೋಡಿ. ಫಿಲೊಡೆಂಡ್ರಾನಿನಲ್ಲಿ ಹೊಸ ಎಲೆ ತೆಳುವಾದ ಒಂದು ಪೊರೆಯೊಳಗಿಂದ ಹೊರಬರುತ್ತದೆ, ಆಮೇಲೆ ಆ ಪೊರೆ ಒಣಗಿ ಬೀಳುತ್ತದೆ. ಮನಿ ಪ್ಲಾಂಟಿನಲ್ಲಿ ಹಾಗೆ ಬೇರೆ ಪೊರೆ ಇರುವುದಿಲ್ಲ, ಎಲೆ ಇನ್ನೊಂದು ಎಲೆಯ ತೊಟ್ಟಿನ ಮಗ್ಗುಲಿಂದಲೇ ಸುರುಳಿ ಬಿಚ್ಚಿಕೊಳ್ಳುತ್ತದೆ, ಆ ತೊಟ್ಟಿನ ಮೇಲ್ಭಾಗದಲ್ಲಿ ಉದ್ದಕ್ಕೂ ತಗ್ಗಾದ ಒಂದು ಗೆರೆ ಇರುತ್ತದೆ. ಬೆರಳಾಡಿಸಿದರೆ ಗೊತ್ತಾಗುತ್ತದೆ. ಈ ಬಳ್ಳಿಯ ಮೂಲ ಫ್ರೆಂಚ್ ಪಾಲಿನೇಷ್ಯಾದ ಮೋರಿಯಾ ಎಂಬ ದ್ವೀಪ. 1880ರಲ್ಲಿ ಇದನ್ನು ಪೋಥೋಸ್ ಜಾತಿಗೆ ಸೇರಿಸಿ ವಿವರಿಸಿದ್ದರು, ಈಗ ಎಪಿಪ್ರೆಮ್ನಮ್ ಆರಿಯಮ್. ಹೂವು ಬಿಡುವುದು ತುಂಬಾನೇ ಅಪರೂಪ, ಹಾಗಾಗಿ ಹೂವು ನೋಡಿ ಗುರುತಿಸೋಣ ಅಂತ ಕಾಯುವುದರಲ್ಲಿ ಅರ್ಥವಿಲ್ಲ.

ರಬ್ಬರ್ ಗಿಡದ ಗುರುತು ಅದರ ತುದಿಯಲ್ಲಿದೆ. ಹೊಸ ಎಲೆ ಕೆಂಪಗಿನ, ಮೊನಚಾದ ಹೊದಿಕೆಯೊಳಗೆ ಸುತ್ತಿಕೊಂಡಿರುತ್ತದೆ. ಆ ಹೊದಿಕೆ ಬಿದ್ದ ಮೇಲೆ ಕಾಂಡದ ಸುತ್ತ ಉಂಗುರದಂಥ ಗೆರೆ ಉಳಿಯುತ್ತದೆ. ಎಲೆ ಕಿತ್ತರೆ ಬಿಳಿ ಹಾಲು. ಎಲೆ ಪೂರ್ತಿ ಉದುರಿ ಬರೀ ಕೋಲು ನಿಂತಿದ್ದರೂ ಆ ಗೆರೆ, ಆ ಹಾಲು ಇದ್ದರೆ ಅದು ಆಲದ ಕುಟುಂಬದ್ದು ಅಂತ ಹೇಳಬಹುದು. ಮುಳ್ಳಿರುವ ದಪ್ಪ ಗಿಡವನ್ನೆಲ್ಲ ಕಳ್ಳಿ ಅಂತ ಕರೆದುಬಿಡುತ್ತೇವೆ, ಅದರಲ್ಲೂ ಎರಡು ಬೇರೆ ಬೇರೆ ಕುಟುಂಬಗಳಿವೆ. ಕ್ಯಾಕ್ಟಸ್‌ನಲ್ಲಿ ಮುಳ್ಳುಗಳು ಪುಟ್ಟದೊಂದು ಹತ್ತಿಯಂಥ ಮೆತ್ತೆಯಿಂದ ಎದ್ದಿರುತ್ತವೆ, ಯುಫೋರ್ಬಿಯಾದಲ್ಲಿ ಆ ಮೆತ್ತೆ ಇರುವುದಿಲ್ಲ, ಚುಚ್ಚಿದರೆ ಹಾಲು ಬರುತ್ತದೆ. ಆ ಹಾಲು ಕಣ್ಣಿಗೆ ಬಿದ್ದರೆ ಭಾರೀ ಉರಿ, ಕಣ್ಣಿಗೆ ಗಾಯವೂ ಆಗಬಹುದು. ಗೊತ್ತಿಲ್ಲದ ಗಿಡವನ್ನು ಕತ್ತರಿಸುವಾಗ ಕೈಗವಸು ಹಾಕಿಕೊಳ್ಳಿ ಅನ್ನುವುದು ಇದಕ್ಕೇ.

ಫೋನಿನಲ್ಲಿ ಫೋಟೊ ತೆಗೆದು ಹೆಸರು ಹುಡುಕುವ ಆ್ಯಪ್‌ಗಳು ಈಗ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಪ್ಲಾಂಟ್‌ನೆಟ್, ಐನ್ಯಾಚುರಲಿಸ್ಟ್, ಗೂಗಲ್ ಲೆನ್ಸ್ ಇವೆಲ್ಲ ಬಳಸಬಹುದು. ಆದರೆ ಅವು ಕೊಡುವುದು ಉತ್ತರವಲ್ಲ, ಹೀಗಿರಬಹುದು ಅನ್ನುವ ಸಲಹೆ. ದೂರದಿಂದ ಇಡೀ ಗಿಡದ ಒಂದೇ ಫೋಟೊ ತೆಗೆದರೆ ತಪ್ಪು ಹೆಸರು ಬರುವ ಸಾಧ್ಯತೆ ಜಾಸ್ತಿ. ಇರುವುದರಲ್ಲೇ ಚೆನ್ನಾಗಿರುವ ಎಲೆಯ ಮೇಲ್ಭಾಗ, ಅದರ ಹಿಂಭಾಗ, ಗೆಣ್ಣು, ಬುಡ ಹೀಗೆ ಬೇರೆ ಬೇರೆಯಾಗಿ ಹತ್ತಿರದಿಂದ ತೆಗೆಯಿರಿ. ಹಿಂದೆ ಒಂದು ಬಿಳಿ ಹಾಳೆ ಹಿಡಿಯಿರಿ. ಬಂದ ಹೆಸರನ್ನು ಹಾಗೇ ಒಪ್ಪಿಕೊಳ್ಳದೆ, ಆ ಗಿಡದ ಗೆಣ್ಣು, ತೊಟ್ಟು ಹೇಗಿರುತ್ತದೆ ಅಂತ ಹುಡುಕಿ ನಿಮ್ಮ ಗಿಡದ ಜೊತೆ ಹೋಲಿಸಿ.

ಗುರುತು ಹಿಡಿದರೆ ಏನು ಸಿಗುತ್ತದೆ ಅನ್ನುವುದಕ್ಕೆ ಒಂದು ಗಿಡದ ಕಥೆ ಹೇಳುತ್ತೇನೆ. ಮೆಟ್ಟಿಲ ಕೆಳಗೆ ಯಾರೋ ಇಟ್ಟು ಹೋಗಿದ್ದ ಕುಂಡ ಅದು. ಎಲೆ ಒಂದೂ ಇರಲಿಲ್ಲ. ಬುಡದಲ್ಲಿ ಸ್ವಲ್ಪ ಉಬ್ಬಿದ, ಸುಕ್ಕುಗಟ್ಟಿದ ಕೆಲವು ದಂಟುಗಳು ಮಾತ್ರ ನಿಂತಿದ್ದವು, ಮಣ್ಣು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ನೋಡಿದವರೆಲ್ಲ ಸತ್ತಿದೆ ಅಂದರು. ಕುಂಡ ಬೋರಲು ಹಾಕಿ ಮಣ್ಣು ಬಿಡಿಸಿದಾಗ ಒಳಗೆ ಆಲೂಗಡ್ಡೆಯಷ್ಟು ದಪ್ಪದ ಗೆಡ್ಡೆಗಳಿದ್ದವು. ಉಗುರಿನಿಂದ ಒತ್ತಿದರೆ ಗಟ್ಟಿ, ಮೇಲೆ ಕಂದು ಸಿಪ್ಪೆ, ಒಳಗೆ ಹಸಿ. ಅದು ಜೀಜೀ ಪ್ಲಾಂಟ್, ಅಂದರೆ ಜಾಮಿಯೋಕುಲ್ಕಸ್ ಜಾಮಿಫೋಲಿಯಾ, ಆಫ್ರಿಕಾದ ಪೂರ್ವ ಭಾಗದ ಗಿಡ. ತೀರಾ ಒಣಗಿದಾಗ ತನ್ನ ಎಲೆಗಳನ್ನು ತಾನೇ ಉದುರಿಸಿ, ಗೆಡ್ಡೆಯಲ್ಲಿ ಕೂಡಿಟ್ಟ ನೀರಿನ ಮೇಲೆ ಜೀವ ಹಿಡಿದಿರುವುದು ಅದರ ಹುಟ್ಟುಗುಣ. ಹೆಸರು ಗೊತ್ತಾದ ಮೇಲೆ ಮಾಡಬೇಕಾದ್ದು ಬಹಳ ಕಡಿಮೆ ಇತ್ತು. ಹಗುರವಾದ ಮಣ್ಣು, ಒಂದು ಸಲ ನೀರು, ಒಳ್ಳೆ ಬೆಳಕು, ಆಮೇಲೆ ಸುಮ್ನೆ ಬಿಡುವುದು. ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಆಮೇಲೆ ಮಣ್ಣನ್ನು ಸೀಳಿಕೊಂಡು ದಪ್ಪನೆ ಹಸಿರು ಮೊಳಕೆ ಬಂತು, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಅದೇ ಗಿಡಕ್ಕೆ ಆ ತಿಂಗಳುಗಳಲ್ಲಿ ವಾರಕ್ಕೆ ಎರಡು ಸಲ ನೀರು ಹಾಕಿದ್ದರೆ ಗೆಡ್ಡೆ ಕೊಳೆತು ನೀರಾಗುತ್ತಿತ್ತು.

ಇದಕ್ಕೆ ಪೂರ್ತಿ ಉಲ್ಟಾ ಪೀಸ್ ಲಿಲ್ಲಿ. ನೀರು ಕಡಿಮೆಯಾದರೆ ಎಲೆಗಳೆಲ್ಲ ನೆಲಕ್ಕೆ ಬಿದ್ದುಬಿಡುತ್ತವೆ. ನೀರು ಹಾಕಿದ ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತವೆ. ಸ್ನೇಕ್ ಪ್ಲಾಂಟ್ ಇನ್ನೊಂದು ಥರ. ಎಲೆಯಲ್ಲೇ ನೀರು ಇಟ್ಟುಕೊಳ್ಳುವುದರಿಂದ ಅದಕ್ಕೆ ಬರ ಬಾಧಿಸುವುದಿಲ್ಲ, ಆದರೆ ಸದಾ ಒದ್ದೆಯಾದ ಬುಡ ಅದನ್ನು ಸಾಯಿಸುತ್ತದೆ. ಮೇಲೆ ನೆಟ್ಟಗೆ ನಿಂತ ಎಲೆಯನ್ನು ಮೆಲ್ಲಗೆ ಎಳೆದರೆ ಬುಡದಿಂದ ಕಿತ್ತು ಕೈಗೆ ಬಂದುಬಿಡುತ್ತದೆ. ಇದನ್ನು ಎಷ್ಟೋ ಪುಸ್ತಕಗಳಲ್ಲಿ ಸ್ಯಾನ್ಸಿವೇರಿಯಾ ಅಂತಲೇ ಹಾಕಿರುತ್ತಾರೆ, 2017ರಿಂದ ಅದು ಡ್ರಸೀನಾ ಜಾತಿಯಲ್ಲಿದೆ. ಹುಡುಕುವಾಗ ಎರಡೂ ಹೆಸರು ಗೊತ್ತಿದ್ದರೆ ಒಳ್ಳೆಯದು.

ಗಿಡ ತಂದ ಕೂಡಲೇ ಬೇರೆ ಗಿಡಗಳ ಪಕ್ಕ ಇಡಬೇಡಿ. ಎರಡು ಮೂರು ವಾರ ಬೇರೆ ಕೋಣೆಯಲ್ಲೇ ಇರಲಿ. ಎಲೆಯ ಹಿಂಭಾಗ, ತೊಟ್ಟು ಕಾಂಡಕ್ಕೆ ಸೇರುವ ಸಂದು, ಕುಂಡದ ಅಂಚು ಇವನ್ನು ಟಾರ್ಚ್ ಹಿಡಿದು ನೋಡಿ. ಬಿಳಿ ಹಿಟ್ಟಿನಂತೆ ಇದ್ದರೆ ಹಿಟ್ಟು ತಿಗಣೆ. ಕಾಂಡಕ್ಕೆ ಅಂಟಿದ ಕಂದು ಚುಕ್ಕೆ ಉಗುರಿನಿಂದ ಕೆರೆದರೆ ಎದ್ದು ಬಂದರೆ ಅದು ಗಿಡದ ಭಾಗವಲ್ಲ, ಶಲ್ಕ ಕೀಟ. ಎಲೆ ಮೇಲೆ ಸಣ್ಣ ಸಣ್ಣ ಮಾಸಲು ಚುಕ್ಕೆ, ಸಂದಿನಲ್ಲಿ ನವಿರಾದ ಬಲೆ ಕಂಡರೆ ಬಿಳಿ ಹಾಳೆ ಹಿಡಿದು ಎಲೆಯನ್ನು ತಟ್ಟಿ, ಬಿದ್ದ ಧೂಳಿನ ಕಣ ನಡೆದಾಡಿದರೆ ಅದು ನುಸಿ. 70 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಹಿಟ್ಟು ತಿಗಣೆಯನ್ನು ಒರೆಸಿ ತೆಗೆಯಬಹುದು. ನುಸಿಗೆ ಮೊದಲು ನೀರಿನಿಂದ ಎಲೆಯ ಎರಡೂ ಬದಿ ಚೆನ್ನಾಗಿ ತೊಳೆಯಿರಿ. ಬೇವಿನ ಎಣ್ಣೆಯನ್ನು ಸ್ವಲ್ಪ ಸೋಪಿನ ನೀರಲ್ಲಿ ಕಲಸಿ ಸಿಂಪಡಿಸುವುದಾದರೆ ಮೊದಲು ಒಂದೇ ಎಲೆಗೆ ಹಾಕಿ ನೋಡಿ, ಮತ್ತು ಬಿಸಿಲಲ್ಲಿ ಸಿಂಪಡಿಸಬೇಡಿ. ಯಾವುದನ್ನೇ ಮಾಡಿದರೂ ವಾರ ಬಿಟ್ಟು ಮತ್ತೆ ಮಾಡಬೇಕು, ಯಾಕಂದರೆ ಮೊಟ್ಟೆಗಳು ಉಳಿದಿರುತ್ತವೆ.

ಕುಂಡದಿಂದ ತೆಗೆದು ಬೇರು ನೋಡಬೇಕೋ ಬೇಡವೋ? ಮಣ್ಣು ಒದ್ದೆಯಾಗಿದ್ದು ಗಿಡ ಬಾಡಿದ್ದರೆ ಅವತ್ತೇ ನೋಡಬೇಕು. ಇಲ್ಲವಾದರೆ ಅವಸರ ಬೇಡ, ಹೊಸ ಜಾಗಕ್ಕೆ ಗಿಡ ಹೊಂದಿಕೊಳ್ಳಲಿ. ಬೇರು ನೋಡುವುದು ಕಷ್ಟದ ಕೆಲಸವೇನಲ್ಲ. ಆರೋಗ್ಯದ ಬೇರು ಸಾಮಾನ್ಯವಾಗಿ ಬೆಳ್ಳಗೆ ಅಥವಾ ತಿಳಿ ಕಂದು ಬಣ್ಣಕ್ಕಿದ್ದು ಗಟ್ಟಿಯಾಗಿರುತ್ತದೆ. ಕೊಳೆತದ್ದನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಹೊರಗಿನ ಸಿಪ್ಪೆ ಲೋಳೆಯಾಗಿ ಜಾರಿಕೊಂಡು ಬರುತ್ತದೆ, ಒಳಗಿನ ಸಣ್ಣ ಎಳೆ ಮಾತ್ರ ಗಿಡದಲ್ಲಿ ಉಳಿಯುತ್ತದೆ. ಅದನ್ನೆಲ್ಲ ಸ್ವಚ್ಛವಾದ ಕತ್ತರಿಯಿಂದ ಗಟ್ಟಿ ಭಾಗ ಸಿಗುವ ತನಕ ಕತ್ತರಿಸಬೇಕು. ಕತ್ತರಿಯನ್ನು ನಡುನಡುವೆ ಆಲ್ಕೊಹಾಲ್‌ನಲ್ಲಿ ಒರೆಸಿಕೊಳ್ಳಿ. ಹಳೆ ಮಣ್ಣನ್ನು ಮತ್ತೆ ಬಳಸಬೇಡಿ. ಬೇರು ಅರ್ಧಕ್ಕರ್ಧ ಹೋಗಿದ್ದರೆ ಕುಂಡವೂ ಚಿಕ್ಕದಾಗಬೇಕು. ದೊಡ್ಡ ಕುಂಡಕ್ಕೆ ಹಾಕಿದರೆ ಗಿಡ ಬೇಗ ಬೆಳೆಯುತ್ತದೆ ಅನ್ನುವ ನಂಬಿಕೆ ಇದೆ, ಸೊರಗಿದ ಗಿಡಕ್ಕೆ ಅದು ಅಪಾಯ. ಬೇರಿಲ್ಲದ ಮಣ್ಣಿನಲ್ಲಿರುವ ನೀರನ್ನು ಯಾರೂ ಕುಡಿಯುವುದಿಲ್ಲ, ಅದು ಅಲ್ಲೇ ನಿಲ್ಲುತ್ತದೆ.

ಕುಂಡದ ತಳಕ್ಕೆ ಜಲ್ಲಿಕಲ್ಲು ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಅನ್ನುವ ಮಾತನ್ನೂ ಬಿಡಬೇಕು. ನಯವಾದ ಮಣ್ಣಿನಿಂದ ದೊಡ್ಡ ಸಂದುಗಳಿರುವ ಕಲ್ಲಿನ ಪದರಕ್ಕೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ತೊಯ್ದ ಮೇಲಷ್ಟೇ ಇಳಿಯುತ್ತದೆ. ಹಾಗಾಗಿ ಒದ್ದೆ ಪದರ ಕಲ್ಲಿನ ಮೇಲೆ, ಬೇರಿಗೆ ಇನ್ನೂ ಹತ್ತಿರದಲ್ಲಿ ನಿಲ್ಲುತ್ತದೆ. ಬೇಕಾಗಿರುವುದು ತಳದಲ್ಲಿ ತೂತು, ಮತ್ತು ಇಡೀ ಕುಂಡದಲ್ಲಿ ಒಂದೇ ಥರದ ಹಗುರವಾದ ಮಣ್ಣು. ಪರ್ಲೈಟ್ ಎಂಬ ಹಗುರವಾದ ಬಿಳಿ ಕಲ್ಲಿನ ಹರಳು ಅಥವಾ ದಪ್ಪ ಮರಳು ಬೆರೆಸಿದರೆ ಆಯಿತು.

ಇನ್ನು ಮಣ್ಣು ತೀರಾ ಒಣಗಿದ್ದರೆ? ಅದರಲ್ಲೂ ಒಂದು ಸೂಕ್ಷ್ಮವಿದೆ. ಪೀಟ್, ಅಂದರೆ ಜೌಗು ನೆಲದಲ್ಲಿ ಅರೆಬರೆ ಕೊಳೆತ ಸಸ್ಯದ ಪುಡಿ, ಜಾಸ್ತಿ ಇರುವ ಮಣ್ಣು ಒಮ್ಮೆ ಪೂರ್ತಿ ಒಣಗಿದರೆ ನೀರನ್ನು ಹೀರುವುದೇ ಇಲ್ಲ. ಮೇಲಿಂದ ಸುರಿದ ನೀರು ಕುಂಡದ ಗೋಡೆಗುಂಟ ಇಳಿದು ತಳದಿಂದ ಹೊರಗೆ ಬರುತ್ತದೆ, ತಟ್ಟೆಯಲ್ಲಿ ನೀರು ಕಂಡು ಸಾಕು ಅಂದುಕೊಳ್ಳುತ್ತೇವೆ, ನಡುವಿನ ಬೇರು ಹನಿ ನೀರನ್ನೂ ಕಂಡಿರುವುದಿಲ್ಲ. ಇಂಥ ಕುಂಡವನ್ನು ನೀರು ತುಂಬಿದ ಬಕೆಟ್‌ನಲ್ಲಿ ಅರ್ಧ ಗಂಟೆ ಇಡಿ, ಕೆಳಗಿಂದ ಮೇಲಕ್ಕೆ ಹೀರಿಕೊಳ್ಳಲಿ. ಮೇಲ್ಮಣ್ಣು ಒದ್ದೆಯಾದ ಮೇಲೆ ತೆಗೆದು ಪೂರ್ತಿ ಬಸಿಯಲು ಬಿಡಿ.

ಬೆಳಕಿನ ವಿಷಯದಲ್ಲಿ ನಮ್ಮ ಕಣ್ಣನ್ನು ನಂಬಬಾರದು. ಬೆಳಕನ್ನು ಅಳೆಯುವ ಮಾನ ಲಕ್ಸ್. ಹೊರಗಿನ ನೇರ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್ ಇದ್ದರೆ, ನಮಗೆ ಬೆಳಕಾಗಿಯೇ ಕಾಣುವ ಮನೆಯ ಒಳಗೆ ಕೆಲವೇ ನೂರು ಲಕ್ಸ್ ಇರುತ್ತದೆ. ಕಿಟಕಿಯಿಂದ ಕೆಲವು ಅಡಿ ಹಿಂದೆ ಸರಿದರೂ ಗಿಡಕ್ಕೆ ಅದು ದೊಡ್ಡ ವ್ಯತ್ಯಾಸ. ಕತ್ತಲ ಮೂಲೆಯಿಂದ ಬಂದ ಗಿಡವನ್ನು ಒಮ್ಮೆಗೇ ಬಿಸಿಲಿಗೆ ಇಟ್ಟರೂ ಎಲೆ ಸುಟ್ಟು ಬಿಳಿಚಿಕೊಳ್ಳುತ್ತದೆ. ಕಿಟಕಿ ಹತ್ತಿರ, ನೇರ ಬಿಸಿಲು ಬೀಳದ ಕಡೆ ಶುರು ಮಾಡಿ. ಗೊಬ್ಬರವಂತೂ ಈಗ ಬೇಡವೇ ಬೇಡ. ಬೇರು ಸರಿಯಿಲ್ಲದ ಗಿಡಕ್ಕೆ ಗೊಬ್ಬರದ ಉಪ್ಪು ಇನ್ನಷ್ಟು ಹಾನಿ ಮಾಡುತ್ತದೆ. ಹೊಸ ಎಲೆ ಎರಡು ಮೂರು ಬಂದ ಮೇಲೆ ಕೊಡೋಣ, ಅದೂ ತೆಳುವಾಗಿ.

ಜೀವ ಇದೆಯೋ ಇಲ್ಲವೋ ಅಂತ ಅನುಮಾನವಿದ್ದರೆ ಕಾಂಡದ ಸಿಪ್ಪೆಯನ್ನು ಉಗುರಿನಿಂದ ಸ್ವಲ್ಪ ಕೆರೆಯಿರಿ. ಒಳಗೆ ಹಸಿರಿದ್ದರೆ ಜೀವವಿದೆ. ತುದಿಯಲ್ಲಿ ಇಲ್ಲದಿದ್ದರೆ ಕೆಳಗೆ ಕೆಳಗೆ ನೋಡುತ್ತಾ ಬನ್ನಿ. ಗಿಡದಲ್ಲಿ ಒಂದಾದರೂ ಚೆನ್ನಾಗಿರುವ ತುಂಡು ಇದ್ದರೆ ಮೊದಲ ದಿನವೇ ಅದರಿಂದ ಕಟಿಂಗ್ ತೆಗೆದು ಬೇರೆ ಇಟ್ಟುಬಿಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಬಳ್ಳಿಯಾದರೆ ಆ ತುಂಡಿನಲ್ಲಿ ಒಂದು ಗೆಣ್ಣಾದರೂ ಇರಲೇಬೇಕು. ಬರೀ ಎಲೆ, ತೊಟ್ಟು ಇದ್ದರೆ ಮನಿ ಪ್ಲಾಂಟ್ ನೀರಲ್ಲಿ ಬಹಳ ದಿನ ಹಸಿರಾಗಿ ಉಳಿದೀತು, ಹೊಸ ಬಳ್ಳಿ ಮಾತ್ರ ಬರುವುದಿಲ್ಲ. ತಾಯಿ ಗಿಡ ಹೋದರೂ ಅದರ ಒಂದು ತುಂಡು ನಮ್ಮ ಬಳಿ ಇರುತ್ತದೆ ಅನ್ನುವ ಧೈರ್ಯ ಇದ್ದರೆ ಕೈಯೂ ಅವಸರಪಡುವುದಿಲ್ಲ.

ಹೆಸರು ತಿಳಿಯುವವರೆಗೆ ಮಕ್ಕಳು, ಸಾಕುಪ್ರಾಣಿಗಳ ಕೈಗೆ ಸಿಗದಂತೆ ಇಡಿ. ಮನಿ ಪ್ಲಾಂಟ್, ಫಿಲೊಡೆಂಡ್ರಾನ್, ಡೀಫೆನ್‌ಬಾಕಿಯಾ, ಪೀಸ್ ಲಿಲ್ಲಿ ಎಲ್ಲವೂ ಕೆಸುವಿನ ಕುಟುಂಬದವು, ಎಲೆಯೊಳಗೆ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ. ಅಗಿದರೆ ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತದೆ. ನಿಜವಾದ ಲಿಲ್ಲಿ, ಅಂದರೆ ಲಿಲಿಯಮ್ ಜಾತಿಯವು, ಬೆಕ್ಕಿಗೆ ಪ್ರಾಣಾಪಾಯ, ಸ್ವಲ್ಪ ತಿಂದರೂ ಮೂತ್ರಪಿಂಡ ಕೆಡುತ್ತದೆ. ಸಾಗೋ ಪಾಮ್ ನಾಯಿಗೆ ಅಷ್ಟೇ ಅಪಾಯಕಾರಿ, ಅದು ನಿಜಕ್ಕೂ ತಾಳೆಯಲ್ಲ, ಸೈಕಾಸ್.

ಉಳಿಯದ ಗಿಡಗಳೂ ಇರುತ್ತವೆ. ಬುಡದವರೆಗೂ ಕೊಳೆತು ಮೆತ್ತಗಾಗಿದ್ದರೆ, ಕೆರೆದಲ್ಲೆಲ್ಲ ಕಂದಾಗಿದ್ದರೆ ಬಿಟ್ಟುಬಿಡಬೇಕು. ಆದರೆ ಗಿಡ ಬೇಡವಾಯಿತು ಅಂತ ಕೆರೆ ದಂಡೆಗೋ ಕಾಡಿನ ಅಂಚಿಗೋ ಎಸೆಯಬೇಡಿ, ಅದರಲ್ಲೂ ಜೀವವಿರುವ ಬಳ್ಳಿಯನ್ನು. ಮನಿ ಪ್ಲಾಂಟ್ ಹೀಗೆ ಹೊರಗೆ ಹೋಗಿ ಫ್ಲಾರಿಡಾ, ಹವಾಯಿಯಂಥ ಕಡೆ ಮರಗಳನ್ನೇ ಮುಚ್ಚಿ ಬೆಳೆದಿದೆ.

ಸಂಪಾದಕರೇ, ಕೇಳಿಕೊಳ್ಳುವುದು ಇಷ್ಟೇ. ಮನೆಗಿಡಗಳ ಬಗ್ಗೆ ಮುಂದೆ ಏನಾದರೂ ಹಾಕುವಾಗ ಆ ವಾರಕ್ಕೆ ಎರಡು ಸಲದ ಸಾಲನ್ನು ತೆಗೆದು, ಮಣ್ಣು ಎಷ್ಟು ಆಳಕ್ಕೆ ಒಣಗಿದಾಗ ಆ ಗಿಡಕ್ಕೆ ನೀರು ಬೇಕು ಅಂತ ಹಾಕಿಸಿ. ಗಿಡದ ರೂಢಿಯ ಹೆಸರಿನ ಜೊತೆಗೆ ಸಸ್ಯಶಾಸ್ತ್ರದ ಹೆಸರೂ ಇರಲಿ, ಕನ್ನಡ ಲಿಪಿಯಲ್ಲೇ ಇರಲಿ. ಹೊಳೆಯುವ ಎಲೆಯ ಚಂದದ ಫೋಟೊ ಒಂದಿದ್ದರೆ ಪಕ್ಕದಲ್ಲಿ ಗೆಣ್ಣಿನದೊಂದು, ಬುಡದ್ದೊಂದು ಚಿಕ್ಕದಾಗಿ ಕೊಡಿ. ಜಾಗ ಸಾಲದಿದ್ದರೆ ಚಂದದ ಫೋಟೊ ಬಿಟ್ಟರೂ ಪರವಾಗಿಲ್ಲ.

ಇಂತಿ,
ನಿಮ್ಮ ಪತ್ರಿಕೆಯ ಓದುಗ